ನೀರಲ್ಲಿ ಕಂಬ ಕಂಡರೆ ಮನೆಯೂ ನೀರಲ್ಲೇ ಇತ್ತೇ? ‘ಸಾವಿರಾರು ವರ್ಷ ಹಳೆಯ ಕೆರೆ ಮನೆ’ ಫಾರ್ವರ್ಡ್‌ಗಳ ಅಸಲಿ ಕಥೆ

ಬೇಸಿಗೆ ಬಂತೆಂದರೆ ನಮ್ಮ ವಾಟ್ಸ್ಆ್ಯಪ್ ಗ್ರೂಪುಗಳಲ್ಲಿ ಎರಡು ಬಗೆಯ ಚಿತ್ರಗಳು ಓಡಾಡಲು ಶುರುವಾಗುತ್ತವೆ. ಒಂದು, ನೀಲಿ ಸರೋವರದ ಮೇಲೆ ಮರದ ಕಂಬಗಳ ಮೇಲೆ ನಿಂತ ಹುಲ್ಲು ಮಾಡಿನ ಚೆಂದದ ಮನೆಗಳು. ಇನ್ನೊಂದು, ಹಿನ್ನೀರು ಇಳಿದ ಜಾಗದಲ್ಲಿ ಕೆಸರಿನಿಂದ ತಲೆ ಎತ್ತಿದ ಕಪ್ಪು ಕಪ್ಪು ಕಂಬಗಳು. ಎರಡನ್ನೂ ಒಂದೇ ದಾರದಲ್ಲಿ ಪೋಣಿಸಿ, ‘ನಮ್ಮ ಪೂರ್ವಜರು ಸಾವಿರಾರು ವರ್ಷಗಳ ಹಿಂದೆ ನೀರಿನ ಮೇಲೆ ಊರು ಕಟ್ಟಿದ್ದರು, ಎಲ್ಲರಿಗೂ ಕಳಿಸಿ’ ಎಂದು ಸೇರಿಸಿದರೆ ಫಾರ್ವರ್ಡ್ ಸಿದ್ಧ.

ಶಿವಮೊಗ್ಗ, ಭದ್ರಾವತಿ ಕಡೆಯವರಿಗೆ ಇಂಥದ್ದನ್ನು ನಂಬುವುದು ಸುಲಭ. ಸುತ್ತ ಎಲ್ಲಿ ನೋಡಿದರೂ ನೀರು. ಒಂದು ಕಡೆ ತುಂಗೆ, ಇನ್ನೊಂದು ಕಡೆ ಭದ್ರೆ, ಅತ್ತ ಲಕ್ಕವಳ್ಳಿಯ ಭದ್ರಾ ಹಿನ್ನೀರು, ಇತ್ತ ಸಾಗರದ ಕಡೆ ಶರಾವತಿ ಹಿನ್ನೀರು. ನೀರು ಇಳಿದಾಗ ಏನೇನೋ ಮೇಲೆ ಕಾಣುವುದೂ ನಿಜ.

ಹಾಗಾದರೆ ಈ ಫಾರ್ವರ್ಡ್‌ನಲ್ಲಿ ಎಷ್ಟು ನಿಜ, ಎಷ್ಟು ಸುಳ್ಳು? ಚುಟುಕಾಗಿ ಹೇಳುವುದಾದರೆ ಹೀಗೆ:

• ಇತಿಹಾಸಪೂರ್ವ ಕಾಲದ ಜನ ಸರೋವರಗಳ ಬಳಿ ಕಂಬಗಳ ಮೇಲೆ ಮನೆ ಕಟ್ಟಿದ್ದು ನಿಜ. ಆದರೆ ಅದರ ದೊಡ್ಡ ಸಾಕ್ಷ್ಯ ಇರುವುದು ಯುರೋಪಿನ ಆಲ್ಪ್ಸ್ ಪರ್ವತಗಳ ಸುತ್ತ.
• ಆ ಮನೆಗಳೆಲ್ಲ ನೀರಿನ ಮೇಲೆಯೇ ಇದ್ದವು ಎಂಬುದು ಅರ್ಧ ಸತ್ಯ. ಬಹುಪಾಲು ಇದ್ದದ್ದು ದಡದ ಜೌಗು ನೆಲದಲ್ಲಿ.
• ನಮ್ಮ ಹಿನ್ನೀರಿನಲ್ಲಿ ಕಾಣುವ ಕಂಬ, ಬೊಡ್ಡೆ, ಗೋಡೆಗಳು ಬೇರೆಯೇ ಕಥೆ ಹೇಳುತ್ತವೆ. ಆ ಕಥೆ ನಮ್ಮ ಅಜ್ಜ ಅಜ್ಜಿಯರ ಕಾಲದ್ದು.

ಒಂದೊಂದಾಗಿ ನೋಡೋಣ.

ಆ ಚೆಂದದ ಚಿತ್ರ ಎಲ್ಲಿಯದು?

ನೀರಿನ ಮೇಲೆ ಸಾಲಾಗಿ ನಿಂತ ಹುಲ್ಲು ಮಾಡಿನ ಮನೆಗಳು, ನಡುವೆ ಮರದ ಹಲಗೆಯ ಓಣಿ, ಹಿಂದೆ ವಿಶಾಲ ಸರೋವರ. ಇಂಥ ಚಿತ್ರ ಕಂಡರೆ ಅದು ಜರ್ಮನಿಯ ಉಂಟರ್‌ಉಲ್ಡಿಂಗನ್ ಎಂಬ ಊರಿನ ಬಯಲು ಮ್ಯೂಸಿಯಂನದ್ದಾಗಿರುವ ಸಾಧ್ಯತೆ ಹೆಚ್ಚು. ಜರ್ಮನಿ, ಸ್ವಿಟ್ಜರ್ಲೆಂಡ್, ಆಸ್ಟ್ರಿಯಾ ಮೂರೂ ದೇಶಗಳು ಸೇರುವ ಕಾನ್‌ಸ್ಟನ್ಸ್ ಸರೋವರದ ದಡದಲ್ಲಿ ಅದು ಇದೆ. ಅಲ್ಲಿನ ಮನೆಗಳು ಹಳೆಯ ಮನೆಗಳಲ್ಲ. 1922ರಿಂದ ಈಚೆಗೆ, ಅಗೆತದಲ್ಲಿ ಸಿಕ್ಕ ಆಧಾರಗಳನ್ನು ಇಟ್ಟುಕೊಂಡು ಹೊಸದಾಗಿ ಕಟ್ಟಿದ ಮಾದರಿಗಳು.

ಅಂದರೆ ಚಿತ್ರ ನಕಲಿಯಲ್ಲ, ಆದರೆ ಅದರಲ್ಲಿರುವ ಮನೆ 6,000 ವರ್ಷ ಹಳೆಯದಲ್ಲ. ನಮ್ಮಲ್ಲಿ ವಸ್ತುಪ್ರದರ್ಶನಕ್ಕೆ ಹಳ್ಳಿ ಮನೆಯ ಮಾದರಿ ಕಟ್ಟುತ್ತಾರಲ್ಲ, ಹಾಗೆ. ಅದೂ ಅಲ್ಲಿನ ಮೊದಲ ಮಾದರಿಗಳು ನೂರು ವರ್ಷದ ಹಿಂದಿನ ತಿಳಿವಳಿಕೆಯಂತೆ ಕಟ್ಟಿದವು. ಆಮೇಲೆ ತಿಳಿವಳಿಕೆ ಬದಲಾಯಿತು. ಆ ಬದಲಾವಣೆಯ ಕಥೆಯೇ ಈ ಲೇಖನದ ತಿರುಳು.

1854ರ ಬರಗಾಲದಲ್ಲಿ ಕಂಡ ಕಂಬಗಳು

ಕಥೆ ಶುರುವಾಗುವುದು ನಮ್ಮಲ್ಲಿ ಆಗುವಂತೆಯೇ, ನೀರು ಇಳಿದಾಗ. 1853-54ರ ಚಳಿಗಾಲದಲ್ಲಿ ಸ್ವಿಟ್ಜರ್ಲೆಂಡಿನ ಜ್ಯೂರಿಕ್ ಸರೋವರದ ನೀರಿನ ಮಟ್ಟ ತೀರಾ ಕೆಳಕ್ಕೆ ಹೋಯಿತು. ಓಬರ್‌ಮೈಲೆನ್ ಎಂಬ ಊರಿನವರು ಒಣಗಿದ ಅಂಚಿನಿಂದ ಮಣ್ಣು ಎತ್ತಲು ಹೋದರು. ಅಗೆದಂತೆಲ್ಲ ಮರದ ಗೂಟಗಳು, ಕಲ್ಲಿನ ಕೊಡಲಿಗಳು, ಜಿಂಕೆ ಕೊಂಬಿನ ಉಪಕರಣಗಳು, ಮಡಕೆ ಚೂರುಗಳು ಸಿಗತೊಡಗಿದವು. ಊರಿನ ಶಾಲಾ ಮೇಷ್ಟ್ರು ಯೋಹಾನ್ಸ್ ಎಪ್ಲಿ ಇದನ್ನು ಜ್ಯೂರಿಕ್‌ನ ಪುರಾತನ ವಸ್ತುಗಳ ಸಂಘಕ್ಕೆ ತಿಳಿಸಿದರು. ಸಂಘದ ಫರ್ಡಿನಾಂಡ್ ಕೆಲ್ಲರ್ ಬಂದು ನೋಡಿ, ಅದೇ ವರ್ಷ ವರದಿ ಬರೆದರು.

ಕೆಲ್ಲರ್ ಹೇಳಿದ್ದು: ಹಿಂದಿನ ಜನ ಸರೋವರದ ನೀರಿನಲ್ಲಿ ಸಾವಿರಾರು ಗೂಟ ಹೊಡೆದು, ಅದರ ಮೇಲೆ ದೊಡ್ಡದೊಂದು ಅಟ್ಟಣಿಗೆ ಹಾಸಿ, ಆ ಅಟ್ಟಣಿಗೆಯ ಮೇಲೆ ಇಡೀ ಊರನ್ನೇ ಕಟ್ಟಿಕೊಂಡಿದ್ದರು.

ಈ ಕಲ್ಪನೆ ಅವರಿಗೆ ಬಂದದ್ದು ಎಲ್ಲಿಂದ? ಆ ಕಾಲದಲ್ಲಿ ಫ್ರೆಂಚ್ ನಾವಿಕ ಡ್ಯುಮಾಂಟ್ ಡಿ’ಉರ್ವಿಲ್ ಅವರ ಸಮುದ್ರಯಾನದ ಪುಸ್ತಕಗಳಲ್ಲಿ ನ್ಯೂಗಿನಿಯ ನೀರಿನ ಮೇಲಿನ ಮನೆಗಳ ಚಿತ್ರ ಅಚ್ಚಾಗಿತ್ತು. ಕೆಲ್ಲರ್ ಆ ಚಿತ್ರವನ್ನು ಮಾದರಿಯಾಗಿ ಇಟ್ಟುಕೊಂಡು ತಮ್ಮ ಚಿತ್ರ ಬರೆಸಿದರು. ಎಲ್ಲಿಯದೋ ಚಿತ್ರವನ್ನು ಇನ್ನೆಲ್ಲಿಯದೋ ಕಂಬಕ್ಕೆ ಜೋಡಿಸಿದ್ದು, ಆಗಲೂ ಇಂಥದ್ದೇ ನಡೆದಿತ್ತು ನೋಡಿ! ಚಿತ್ರ ಚೆನ್ನಾಗಿತ್ತು, ಯುರೋಪಿನ ತುಂಬ ಹಬ್ಬಿತು. ಶಾಲಾ ಪುಸ್ತಕ, ಕ್ಯಾಲೆಂಡರ್, ಎಲ್ಲ ಕಡೆ ಅದೇ. ಸ್ಮರಣಿಕೆ ಹುಡುಕುವವರು ಸರೋವರಗಳ ದಡಕ್ಕೆ ಮುಗಿಬಿದ್ದು, ಸಿಕ್ಕಿದ್ದನ್ನು ಅಗೆದು ಮಾರಿದರು.

ಕೆಲ್ಲರ್ ಕಳ್ಳ ಕಥೆ ಕಟ್ಟಿದವರಲ್ಲ. ಕಂಬಗಳು ನಿಜ, ವಸ್ತುಗಳು ನಿಜ, ಅವು ಬಹಳ ಹಳೆಯವು ಎಂಬುದೂ ನಿಜ. ಅವರು ಎಡವಿದ್ದು ಒಂದೇ ಕಡೆ. ಈಗ ಕಂಬ ನೀರಿನಲ್ಲಿದೆ, ಆದ್ದರಿಂದ ಆಗಲೂ ನೀರಿನಲ್ಲೇ ಇತ್ತು ಎಂದುಕೊಂಡರು.

ಹೊನ್ನೆಮರಡಿನ ಬೊಡ್ಡೆಗಳನ್ನು ನೆನಪಿಸಿಕೊಳ್ಳಿ

ಈ ತಪ್ಪು ಅರ್ಥವಾಗಲು ಸ್ವಿಟ್ಜರ್ಲೆಂಡಿಗೆ ಹೋಗಬೇಕಾಗಿಲ್ಲ. ಸಾಗರದ ಕಡೆ ಹೊನ್ನೆಮರಡಿಗೆ ಹೋದವರು, 2025ರ ಜುಲೈನಲ್ಲಿ ಸೇತುವೆ ಆಗುವ ಮುಂಚೆ ಸಿಗಂದೂರಿಗೆ ಲಾಂಚ್‌ನಲ್ಲಿ ದಾಟಿದವರು, ಶರಾವತಿ ಹಿನ್ನೀರಿನ ನಡುವೆ ನಿಂತ ಒಣ ಮರದ ಬೊಡ್ಡೆಗಳನ್ನು ನೋಡಿಯೇ ಇರುತ್ತೀರಿ. ಆ ಮರಗಳು ನೀರಿನಲ್ಲಿ ಹುಟ್ಟಿ ಬೆಳೆದವು ಎಂದು ಯಾರಾದರೂ ಹೇಳಿದರೆ ನಗುತ್ತೀರಿ. ಕಾಡು ಮೊದಲು ಇತ್ತು, ನೀರು ಆಮೇಲೆ ಬಂತು. 1964ರಲ್ಲಿ ಲಿಂಗನಮಕ್ಕಿ ಅಣೆಕಟ್ಟು ಆದ ಮೇಲೆ ಕಣಿವೆ ತುಂಬಿತು, ಮರ ನಿಂತಲ್ಲೇ ಮುಳುಗಿತು.

ಇನ್ನೂ ದೊಡ್ಡ ಉದಾಹರಣೆ ಅಲ್ಲೇ ಇದೆ. ಜೋಗದ ವಿದ್ಯುತ್ತಿಗಾಗಿ 1940ರ ದಶಕದಲ್ಲಿ ಮಡೆನೂರಿನ ಬಳಿ ಹಿರೇಭಾಸ್ಕರ ಅಣೆಕಟ್ಟು ಕಟ್ಟಿದ್ದರು. ಲಿಂಗನಮಕ್ಕಿ ತುಂಬಿದಾಗ ಆ ಅಣೆಕಟ್ಟೇ ಮುಳುಗಿತು. ನೀರು ತೀರಾ ಇಳಿದ ಬೇಸಿಗೆಗಳಲ್ಲಿ ಅದು ಮತ್ತೆ ಮೇಲೆ ಕಾಣುತ್ತದೆ, ಜನ ನೋಡಲು ಹೋಗುತ್ತಾರೆ. ನೀರಿನ ಒಳಗೆ ಅಣೆಕಟ್ಟು ಕಟ್ಟಿದ್ದರು ಎಂದು ಯಾರೂ ಹೇಳುವುದಿಲ್ಲ.

ನಮ್ಮ ಕಾಲದಲ್ಲಿ ಏನಾಯಿತೆಂದು ಗೊತ್ತಿರುವುದರಿಂದ ನಾವು ತಪ್ಪು ಮಾಡುವುದಿಲ್ಲ. ಆದರೆ ಇದೇ ಬೊಡ್ಡೆಗಳನ್ನು ಏನೂ ಗೊತ್ತಿಲ್ಲದ ಯಾರಾದರೂ ಐದು ಸಾವಿರ ವರ್ಷದ ನಂತರ ನೋಡಿದರೆ? ಕೆಲ್ಲರ್ ಅವರಿಗೆ ಆದದ್ದು ಅದೇ.

ಸಹಜ ಸರೋವರಗಳ ನೀರೂ ಒಂದೇ ಮಟ್ಟದಲ್ಲಿ ನಿಲ್ಲುವುದಿಲ್ಲ. ಕಾನ್‌ಸ್ಟನ್ಸ್ ಸರೋವರದಲ್ಲಿ ಚಳಿಗಾಲಕ್ಕೂ ಹಿಮ ಕರಗುವ ಬೇಸಿಗೆಗೂ ಸುಮಾರು ಒಂದೂವರೆ ಮೀಟರ್ ವ್ಯತ್ಯಾಸ ಆಗುತ್ತದೆ. ನೂರಾರು ವರ್ಷಗಳ ಲೆಕ್ಕದಲ್ಲಿ ಮಳೆ ಹೆಚ್ಚು ಕಡಿಮೆಯಾದಂತೆ ಇಡೀ ಸರೋವರವೇ ಹಿಗ್ಗುತ್ತದೆ, ಕುಗ್ಗುತ್ತದೆ. ಕುಗ್ಗಿದ ಕಾಲದಲ್ಲಿ ದಡದಲ್ಲಿ ಕಟ್ಟಿದ ಊರು, ಹಿಗ್ಗಿದ ಕಾಲದಲ್ಲಿ ನೀರಿನ ತಳಕ್ಕೆ ಸೇರುತ್ತದೆ.

ಶಿವಮೊಗ್ಗದವರಿಗೆ ಇದು ಪ್ರತಿ ಮಳೆಗಾಲದ ಅನುಭವ. ಕೋರ್ಪಲಯ್ಯನ ಛತ್ರದ ಬಳಿಯ ಮಂಟಪ ಮುಳುಗಿತೆಂದರೆ ತುಂಗೆ ತುಂಬಿದಳು ಎಂದರ್ಥ. ಭದ್ರಾ ಜಲಾಶಯದಿಂದ ಹೆಚ್ಚು ನೀರು ಬಿಟ್ಟಾಗ ಭದ್ರಾವತಿಯ ಹೊಸ ಸೇತುವೆ ಮುಳುಗುವುದೂ ಹಾಗೆಯೇ. ಜುಲೈನಲ್ಲಿ ತೆಗೆದ ಫೋಟೋ ನೋಡಿದವರು ಮಂಟಪವನ್ನು ಹೊಳೆಯೊಳಗೇ ಕಟ್ಟಿದ್ದಾರೆ ಎನ್ನಬಹುದು. ಏಪ್ರಿಲ್ ಫೋಟೋ ನೋಡಿದವರಿಗೆ ಬೇರೆಯೇ ಕಾಣುತ್ತದೆ.

ಸಾವಿರಾರು ಕಂಬ ಯಾಕೆ?

ಕೆಲ್ಲರ್ ಅವರನ್ನು ದಾರಿ ತಪ್ಪಿಸಿದ ಇನ್ನೊಂದು ಸಂಗತಿ ಕಂಬಗಳ ಸಂಖ್ಯೆ. ಕಾಲಿಡಲೂ ಜಾಗವಿಲ್ಲದಷ್ಟು ಒತ್ತೊತ್ತಾಗಿ ಗೂಟಗಳು. ಇಷ್ಟು ಗೂಟದ ಮೇಲೆ ಭಾರಿ ಅಟ್ಟಣಿಗೆಯೇ ಇದ್ದಿರಬೇಕು ಎನ್ನಿಸುವುದು ಸಹಜ.

ಇದಕ್ಕೆ ಉತ್ತರ ಕೋಟೆ ಮಾರಿಕಾಂಬಾ ಜಾತ್ರೆಯಲ್ಲಿದೆ ಎನ್ನಬಹುದು. ಎರಡು ವರ್ಷಕ್ಕೊಮ್ಮೆ ಜಾತ್ರೆ, ಪ್ರತಿ ಸಲವೂ ಚಪ್ಪರ. ಜಾತ್ರೆ ಮುಗಿದ ಮೇಲೆ ಕಂಬ ಕಿತ್ತು ಒಯ್ಯುತ್ತಾರೆ. ಅವನ್ನು ಕೀಳದೆ ಹಾಗೇ ಬಿಟ್ಟಿದ್ದರೆ? ಪ್ರತಿ ಸಲವೂ ಪಕ್ಕದಲ್ಲೇ ಹೊಸ ಗುಂಡಿ ತೋಡಿ ಕಂಬ ನೆಟ್ಟಿದ್ದರೆ? ಇನ್ನೂರು ವರ್ಷದ ನಂತರ ನೋಡಿದವರು ‘ಇಲ್ಲಿ ಒಂದೇ ಒಂದು ಭಾರಿ ಚಪ್ಪರ ಇತ್ತು’ ಎನ್ನುತ್ತಿದ್ದರು.

ಆಲ್ಪ್ಸ್ ಸುತ್ತಲಿನ ಊರುಗಳಲ್ಲಿ ಆದದ್ದು ಹೀಗೆ. ಆ ಮರದ ಮನೆಗಳ ಬಾಳಿಕೆ ಕಡಿಮೆ, ಬಹಳಷ್ಟು ಮನೆಗಳದ್ದು ಹತ್ತಿಪ್ಪತ್ತು ವರ್ಷ ಮಾತ್ರ. ಕಂಬ ಕೊಳೆತರೆ ಪಕ್ಕದಲ್ಲಿ ಇನ್ನೊಂದು. ಊರು ಬಿಟ್ಟು ಹೋಗಿ, ತಲೆಮಾರುಗಳ ನಂತರ ಬೇರೆಯವರು ಬಂದು ಅದೇ ಜಾಗದಲ್ಲಿ ಮತ್ತೆ ಕಟ್ಟಿದ್ದೂ ಇದೆ. ನೂರಾರು ವರ್ಷಗಳ ಕಂಬಗಳನ್ನು ನಾವು ಒಂದೇ ನೋಟದಲ್ಲಿ ಕಾಣುತ್ತೇವೆ.

ಇದು ಗೊತ್ತಾದದ್ದು ಮರದ ಉಂಗುರಗಳಿಂದ. ಮರ ವರ್ಷಕ್ಕೊಂದು ಉಂಗುರದಂತೆ ಬೆಳೆಯುತ್ತದೆ. ಒಳ್ಳೆಯ ಮಳೆಯ ವರ್ಷ ಅಗಲ ಉಂಗುರ, ಬರದ ವರ್ಷ ಸಣ್ಣ ಉಂಗುರ. ಈ ಅಗಲ-ಸಣ್ಣಗಳ ಸಾಲು ಒಂದು ಪ್ರದೇಶದ ಒಂದೇ ಜಾತಿಯ ಮರಗಳಲ್ಲಿ ಹೊಂದಿಕೆಯಾಗುತ್ತದೆ. ಇಂದಿನ ಮರದಿಂದ ಶುರು ಮಾಡಿ, ಹಳೆಯ ತೊಲೆ, ಅದಕ್ಕಿಂತ ಹಳೆಯ ದಿಮ್ಮಿ, ಹೀಗೆ ಒಂದಕ್ಕೊಂದು ಕೊಂಡಿ ಹಾಕುತ್ತ ಸಾವಿರಾರು ವರ್ಷ ಹಿಂದಕ್ಕೆ ಹೋಗಬಹುದು. ಕಂಬದಲ್ಲಿ ತೊಗಟೆಯ ಕೆಳಗಿನ ಕೊನೆಯ ಉಂಗುರ ಉಳಿದಿದ್ದರೆ, ಆ ಮರ ಕಡಿದ ವರ್ಷವನ್ನೇ ಹೇಳಬಹುದು. ಜರ್ಮನಿಯ ಹಾರ್ನ್‌ಸ್ಟಾಡ್ ಎಂಬಲ್ಲಿ ಕ್ರಿ.ಪೂ. 3900ರ ಆಸುಪಾಸಿನ ಊರೊಂದರಲ್ಲಿ ಯಾವ ಮನೆ ಮೊದಲು, ಯಾವುದು ಆಮೇಲೆ ಎಂದು ಈ ದಾರಿಯಲ್ಲೇ ಲೆಕ್ಕ ಹಾಕಿದ್ದಾರೆ.

ಹಾಗಾದರೆ ನೀರಿನ ಮೇಲೆ ಮನೆ ಇರಲೇ ಇಲ್ಲವೇ?

ಇತ್ತು. ಇಲ್ಲಿ ಎಚ್ಚರವಾಗಿರಬೇಕು. ಒಂದು ಫಾರ್ವರ್ಡ್ ಸುಳ್ಳಾಯಿತೆಂದು ಅದರ ಪೂರ್ತಿ ವಿರುದ್ಧವಾದದ್ದು ನಿಜವಾಗುವುದಿಲ್ಲ.

1940ರ ದಶಕದಲ್ಲಿ ಜರ್ಮನಿಯ ಆಸ್ಕರ್ ಪಾರೆಟ್, 1950ರ ದಶಕದಲ್ಲಿ ಸ್ವಿಟ್ಜರ್ಲೆಂಡಿನ ಎಮಿಲ್ ಫೋಗ್ಟ್ ಮುಂತಾದವರು, ನೀರಿನ ಮೇಲಿನ ಊರು ಎಂಬುದೇ ಕಲ್ಪನೆ, ಎಲ್ಲ ಮನೆಗಳೂ ದಡದ ನೆಲದ ಮೇಲೆ ಇದ್ದವು ಎಂದು ವಾದಿಸಿದರು. ನೆಲದ ಮೇಲೆಯೇ ಉರಿದ ಒಲೆಗಳು, ಮಣ್ಣು ಬಳಿದ ನೆಲಗಳು ಸಿಕ್ಕಿದ್ದು ಅವರ ಕೈ ಬಲಪಡಿಸಿತು. ಆಮೇಲೆ 1969ರಿಂದ ಉತ್ತರ ಇಟಲಿಯ ಫಿಯಾವೆ ಎಂಬಲ್ಲಿ ರೆನಾಟೊ ಪೆರಿನಿ ಅಗೆತ ನಡೆಸಿದಾಗ ಎರಡೂ ಬಗೆಯ ಮನೆಗಳು ಒಂದೇ ಕಡೆ ಸಿಕ್ಕವು. ಕೆಲವು ನಿಜವಾಗಿಯೂ ನೀರಿನಲ್ಲಿ ಉದ್ದ ಕಂಬ ನೆಟ್ಟು ಕಟ್ಟಿದವು, ಕೆಲವು ದಡದಲ್ಲಿ.

ಇಂಗ್ಲೆಂಡಿನ ಮಸ್ಟ್ ಫಾರ್ಮ್ ಇನ್ನೂ ಸ್ಪಷ್ಟ ಉದಾಹರಣೆ. ಕ್ರಿ.ಪೂ. 850ರ ಸುಮಾರಿಗೆ ನಿಧಾನವಾಗಿ ಹರಿಯುವ ತೊರೆಯ ಮೇಲೆ ಕಂಬ ನೆಟ್ಟು ದುಂಡನೆಯ ಮನೆಗಳನ್ನು ಕಟ್ಟಿದ್ದರು. ಕಟ್ಟಿ ವರ್ಷ ತುಂಬುವುದರೊಳಗೆ ಬೆಂಕಿ ಬಿದ್ದು ಇಡೀ ಊರು ನೀರಿಗೆ ಕುಸಿಯಿತು. ಅಡುಗೆ ಪಾತ್ರೆ, ಬಟ್ಟೆ, ಉಣ್ಣುತ್ತಿದ್ದ ಊಟ, ಎಲ್ಲ ಕೆಸರಿನಲ್ಲಿ ಹೂತು ಉಳಿಯಿತು.

ಇವತ್ತಿಗೂ ಇಂಥ ಮನೆಗಳಿವೆ. ಕಾಂಬೋಡಿಯಾದ ಟೋನ್ಲೆ ಸಾಪ್ ಸರೋವರದ ಸುತ್ತಲಿನ ಹಳ್ಳಿಗಳನ್ನೇ ನೋಡಿ. ಬೇಸಿಗೆಯಲ್ಲಿ ಎತ್ತರದ ಕಂಬಗಳ ಕೆಳಗೆ ಮಕ್ಕಳು ಆಡುತ್ತಾರೆ. ಮಳೆಗಾಲದಲ್ಲಿ ಅದೇ ಕಂಬಗಳ ನಡುವೆ ದೋಣಿ ಓಡುತ್ತದೆ. ಮನೆ ನೆಲದ ಮೇಲಿದೆಯೋ ನೀರಿನ ಮೇಲಿದೆಯೋ ಎಂದು ಕೇಳಿದರೆ ಯಾವ ತಿಂಗಳು ಎಂದು ತಿರುಗಿ ಕೇಳಬೇಕು. ನಮ್ಮ ದೇಶದಲ್ಲೂ ಅಸ್ಸಾಮಿನಲ್ಲಿ ಬ್ರಹ್ಮಪುತ್ರೆಯ ಪ್ರವಾಹಕ್ಕೆ ಸಿಗುವ ಊರುಗಳಲ್ಲಿ ಮಿಸಿಂಗ್ ಸಮುದಾಯದವರು ಬಿದಿರಿನ ಕಂಬಗಳ ಮೇಲೆ ‘ಚಾಂಗ್ ಘರ್’ ಕಟ್ಟುತ್ತಾರೆ.

ಆಲ್ಪ್ಸ್ ಸುತ್ತಲಿನ ಬಹುಪಾಲು ಮನೆಗಳೂ ಹೀಗೆಯೇ ಇದ್ದವು: ದಡದ ಜೌಗಿನಲ್ಲಿ, ನೆರೆ ಬಂದರೆ ಒದ್ದೆಯಾಗದಂತೆ ಕೊಂಚ ಎತ್ತರಕ್ಕೆ. ಜೌಗು ನೆಲ ಮೆತ್ತಗಿರುವುದರಿಂದ ಮೊನೆ ಮಾಡಿದ ಕಂಬವನ್ನು ತಿರುಗಿಸುತ್ತ ಒತ್ತಿದರೆ ಇಳಿಯುತ್ತದೆ, ಗುಂಡಿ ತೋಡುವ ಕಷ್ಟವಿಲ್ಲ. ದಟ್ಟ ಕಾಡು ಕಡಿಯುವ ಕೆಲಸ ಕಡಿಮೆ, ಮೀನು ಹತ್ತಿರ, ದೋಣಿ ದಾರಿ ಬಾಗಿಲಲ್ಲೇ. ಒಳ್ಳೆಯ ನೆಲ ಹೊಲಕ್ಕೆ ಉಳಿಯುತ್ತದೆ.

2011ರಲ್ಲಿ ಯುನೆಸ್ಕೋ ಇಂಥ 111 ನೆಲೆಗಳನ್ನು ವಿಶ್ವ ಪರಂಪರೆ ಪಟ್ಟಿಗೆ ಸೇರಿಸಿತು. ಸ್ವಿಟ್ಜರ್ಲೆಂಡ್, ಜರ್ಮನಿ, ಫ್ರಾನ್ಸ್, ಇಟಲಿ, ಆಸ್ಟ್ರಿಯಾ, ಸ್ಲೊವೇನಿಯಾ ಈ ಆರು ದೇಶಗಳಲ್ಲಿ ಅವು ಹರಡಿವೆ. ಕಾಲ ಸುಮಾರು ಕ್ರಿ.ಪೂ. 5000ದಿಂದ 500ರವರೆಗೆ.

ಮರ ಅಷ್ಟು ವರ್ಷ ಉಳಿಯುವುದು ಹೇಗೆ?

‘ನಮ್ಮ ಬೇಲಿ ಗೂಟ ಐದು ವರ್ಷ ಬರುವುದಿಲ್ಲ, ಅವರ ಗೂಟ ಆರು ಸಾವಿರ ವರ್ಷ ಹೇಗೆ ಬಂತು?’ ಒಳ್ಳೆಯ ಪ್ರಶ್ನೆ. ಉತ್ತರ ಆ ಬೇಲಿ ಗೂಟದಲ್ಲೇ ಇದೆ.

ಹಳೆಯ ಗೂಟವೊಂದನ್ನು ಕಿತ್ತು ನೋಡಿ. ಅದು ಲಡ್ಡಾಗಿ ಮುರಿಯುವುದು ಬಹುಪಾಲು ನೆಲಮಟ್ಟದಲ್ಲಿ. ಮರ ಕೊಳೆಯಬೇಕಾದರೆ ಶಿಲೀಂಧ್ರಕ್ಕೆ ಎರಡೂ ಬೇಕು, ತೇವ ಮತ್ತು ಗಾಳಿ. ನೆಲಮಟ್ಟದಲ್ಲಿ ಎರಡೂ ಸಿಗುತ್ತವೆ. ಜೊತೆಗೆ ಗೆದ್ದಲು. ಆದರೆ ಮರ ಸದಾ ನೀರು ತುಂಬಿದ ಕೆಸರಿನಲ್ಲಿ ಹೂತಿದ್ದರೆ ಅಲ್ಲಿ ಆಮ್ಲಜನಕ ಇಲ್ಲದಂತೆಯೇ. ಶಿಲೀಂಧ್ರ ಬೆಳೆಯುವುದಿಲ್ಲ, ಗೆದ್ದಲು ಬದುಕುವುದಿಲ್ಲ. ಕೊಳೆಯುವುದು ಬಹಳ ಬಹಳ ನಿಧಾನವಾಗುತ್ತದೆ.

ಅದಕ್ಕೇ ಸ್ವಿಟ್ಜರ್ಲೆಂಡಿನ ರೋಬೆನ್‌ಹೌಸನ್ ಎಂಬಲ್ಲಿ ಕಂಬ ಮಾತ್ರವಲ್ಲ, ನಾರಗಸೆಯ ದಾರದಿಂದ ನೇಯ್ದ ಬಟ್ಟೆ, ಒಣಗಿಸಿದ ಸೇಬಿನ ಹೋಳು ಕೂಡ ಸಿಕ್ಕವು. ನಮ್ಮ ದೇಶದಲ್ಲೂ ಕೆಸರು ಮರವನ್ನು ಕಾಪಾಡಿದ ಉದಾಹರಣೆಗಳಿವೆ. ಕೇರಳದ ಪಟ್ಟಣಂನಲ್ಲಿ 2007ರ ಅಗೆತದಲ್ಲಿ ಸುಮಾರು ಎರಡು ಸಾವಿರ ವರ್ಷ ಹಳೆಯ ದೋಣಿ ಮತ್ತು ದೋಣಿ ಕಟ್ಟುವ ತೇಗದ ಗೂಟಗಳು ಜೌಗು ಮಣ್ಣಿನಲ್ಲಿ ಸಿಕ್ಕವು. ಪಟ್ನಾದ ಬುಲಂದಿಬಾಗ್‌ನಲ್ಲಿ ಮೌರ್ಯರ ಕಾಲದ ಮರದ ಕೋಟೆ ಗೋಡೆಯೇ ಸಿಕ್ಕಿದೆ.

ಆದರೆ ಇಂಥ ಮರವನ್ನು ಹೊರಗೆ ತೆಗೆದು ಬಿಸಿಲಿಗೆ ಇಟ್ಟರೆ ಮುಗಿಯಿತು. ಅದರೊಳಗೆ ಉಳಿದಿರುವುದು ಸ್ಪಂಜಿನಂಥ ಗೂಡು, ಅದನ್ನು ಹಿಡಿದು ನಿಲ್ಲಿಸಿರುವುದು ನೀರು. ನೀರು ಆರಿದೊಡನೆ ಮರ ಮುದುಡಿ ಸೀಳುತ್ತದೆ. ಅದಕ್ಕಾಗಿ ಪ್ರಯೋಗಾಲಯಗಳಲ್ಲಿ ನೀರಿನ ಜಾಗಕ್ಕೆ ಪಾಲಿಎಥಿಲೀನ್ ಗ್ಲೈಕಾಲ್ ಎಂಬ ಮೇಣದಂಥ ವಸ್ತುವನ್ನು ತಿಂಗಳುಗಟ್ಟಲೆ, ಕೆಲವೊಮ್ಮೆ ವರ್ಷಗಟ್ಟಲೆ ತುಂಬಿಸುತ್ತಾರೆ.

ಅದೇ ಕಾಲದಲ್ಲಿ ನಮ್ಮವರು ಎಲ್ಲಿದ್ದರು?

ಇದು ಫಾರ್ವರ್ಡ್‌ನವರು ಹೇಳದ, ಆದರೆ ಹೇಳಲೇಬೇಕಾದ ಭಾಗ. ನಮ್ಮಲ್ಲಿ ಆ ಕಾಲದ ಜನ ಇರಲಿಲ್ಲ ಎಂದಲ್ಲ. ಇದ್ದರು, ಚೆನ್ನಾಗಿಯೇ ಇದ್ದರು. ಆದರೆ ಅವರ ಮನೆ ಬೇರೆ ಬಗೆಯದು.

ಶಿವಮೊಗ್ಗದ ಪಕ್ಕದ ಕೂಡಲಿಯಲ್ಲಿ ತುಂಗೆಯೂ ಭದ್ರೆಯೂ ಸೇರಿ ತುಂಗಭದ್ರೆಯಾಗುತ್ತವೆ. ಅದೇ ಹೊಳೆಯ ಕೆಳಗೆ ಹೋದರೆ ಹಾವೇರಿ ಜಿಲ್ಲೆಯ ಹಳ್ಳೂರು ಸಿಗುತ್ತದೆ. ಅಲ್ಲಿ 1965ರಲ್ಲಿ ಎಂ.ಎಸ್. ನಾಗರಾಜರಾವ್ ಅವರು ನಡೆಸಿದ ಅಗೆತದಲ್ಲಿ ನೂತನ ಶಿಲಾಯುಗದ ದುಂಡನೆಯ ಮನೆಗಳ ನೆಲಗಳು ಸಿಕ್ಕವು. ಸುಮಾರು ಮೂರು ಸಾವಿರ ವರ್ಷ ಹಳೆಯ ಕಬ್ಬಿಣವೂ ಸಿಕ್ಕಿತು. 1923ರಿಂದ ಕಬ್ಬಿಣ ಕರಗಿಸಿದ ಭದ್ರಾವತಿಯವರಿಗೆ ಇದು ಗೊತ್ತಿರಬೇಕಾದ ಸಂಗತಿ: ನಿಮ್ಮೂರ ಹೊಳೆಯ ಕೆಳದಂಡೆಯಲ್ಲೇ ಕಬ್ಬಿಣ ಬಳಸಿದವರು ಅಷ್ಟು ಹಿಂದೆ ಬಾಳಿದ್ದರು.

ಬಳ್ಳಾರಿ ಜಿಲ್ಲೆಯ ತೆಕ್ಕಲಕೋಟೆ, ಸಂಗನಕಲ್ಲು, ಚಿತ್ರದುರ್ಗ ಜಿಲ್ಲೆಯ ಬ್ರಹ್ಮಗಿರಿ, ಮೈಸೂರು ಕಡೆಯ ತಿ. ನರಸೀಪುರ, ಹೀಗೆ ಹೆಸರಾದ ನೆಲೆಗಳೆಲ್ಲ ಬಂಡೆ ಬೆಟ್ಟದ ಮೇಲೆ, ಬೆಟ್ಟದ ಬುಡದಲ್ಲಿ ಅಥವಾ ಹೊಳೆಯ ದಂಡೆಯ ಗಟ್ಟಿ ನೆಲದಲ್ಲಿ ಇವೆ. ಸುತ್ತ ಕಂಬ ನೆಟ್ಟು, ನಡುವೆ ಬಿದಿರು ತಡಿಕೆ ಕಟ್ಟಿ, ಅದಕ್ಕೆ ಮಣ್ಣು ಮೆತ್ತಿದ ಮನೆಗಳು. ಮಲೆನಾಡಿನಲ್ಲಿ ಗದ್ದೆ ಕಾಯಲು ನಾಲ್ಕು ಕಂಬದ ಮೇಲೆ ಮಾಳ ಕಟ್ಟುವವರಿಗೆ, ಅಡಿಕೆ ದಬ್ಬೆಯ ಗೋಡೆ ಕಂಡವರಿಗೆ ಆ ಕೆಲಸ ಅಪರಿಚಿತವೇನಲ್ಲ.

ಅಲ್ಲಿ ಮರ ಸಿಗುವುದಿಲ್ಲ. ಒಮ್ಮೆ ನೆನೆದು ಒಮ್ಮೆ ಒಣಗುವ ನೆಲ, ಮೇಲಿಂದ ಗೆದ್ದಲು, ಕಂಬ ಎಂದೋ ಮಣ್ಣಾಗಿದೆ. ಉಳಿದಿರುವುದು ಕಂಬ ನೆಟ್ಟ ಕುಳಿ. ಕೊಳೆತ ಕಂಬದ ಜಾಗಕ್ಕೆ ತುಂಬಿದ ಮಣ್ಣಿನ ಬಣ್ಣ ಬೇರೆ, ಮೆದು ಬೇರೆ. ಅಗೆಯುವವರು ಬಹಳ ನಯವಾಗಿ ನೆಲ ಕೆರೆದಾಗ ಕಪ್ಪು ಬೊಟ್ಟುಗಳ ಸಾಲು ಕಾಣುತ್ತದೆ. ಆ ಬೊಟ್ಟುಗಳನ್ನು ಸೇರಿಸಿದರೆ ಮನೆಯ ದುಂಡು ಮೂಡುತ್ತದೆ. ಫೋಟೋದಲ್ಲಿ ಇದು ಸಪ್ಪೆ, ಹಾಗಾಗಿ ಫಾರ್ವರ್ಡ್ ಆಗುವುದಿಲ್ಲ.

ಇನ್ನೊಂದು ಸರಳ ಲೆಕ್ಕ. ನಮ್ಮ ನಾಡಿನಲ್ಲಿ ಆಲ್ಪ್ಸ್‌ನಂತೆ ಹಿಮನದಿ ಕೊರೆದ ದೊಡ್ಡ ಸರೋವರಗಳಿಲ್ಲ. ಇಲ್ಲಿನ ಕೆರೆಗಳನ್ನು ಜನ ಏರಿ ಹಾಕಿ ಕಟ್ಟಿದ್ದಾರೆ. ಚನ್ನಗಿರಿಯ ಸೂಳೆಕೆರೆ, ಅಂದರೆ ಈಗಿನ ಶಾಂತಿಸಾಗರವೂ ಹಾಗೆ ಕಟ್ಟಿದ್ದೇ. ಲಿಂಗನಮಕ್ಕಿಯ ನೀರಿಗೆ ವಯಸ್ಸು ಅರವತ್ತು ದಾಟಿದೆ, ಅಷ್ಟೆ. ಅರವತ್ತು ವರ್ಷದ ನೀರಿನ ಮೇಲೆ ಐದು ಸಾವಿರ ವರ್ಷದ ಮನೆ ಇರಲು ಸಾಧ್ಯವೇ?

ಹಾಗಾದರೆ ಹಿನ್ನೀರಿನ ಕಂಬಗಳು ಯಾರವು?

ಇಲ್ಲಿ ವಿಷಯ ತಮಾಷೆಯಾಗಿ ಉಳಿಯುವುದಿಲ್ಲ.

ಶರಾವತಿ ಕಣಿವೆ ತುಂಬಿದಾಗ ಮುಳುಗಿದ್ದು ಕಾಡು ಮಾತ್ರವಲ್ಲ. ಮನೆ, ಕೊಟ್ಟಿಗೆ, ಗದ್ದೆ, ತೋಟ, ದೇವಸ್ಥಾನ, ಓಡಾಡುವ ದಾರಿ ಮುಳುಗಿದವು. ಅಲ್ಲಿಂದ ಎಬ್ಬಿಸಿದ ಕುಟುಂಬಗಳನ್ನು ಶಿವಮೊಗ್ಗ ಜಿಲ್ಲೆಯ ಬೇರೆ ಬೇರೆ ಕಡೆ, ಕಾಡಂಚಿನ ಜಾಗಗಳಲ್ಲಿ ಇಳಿಸಿದರು. ಕೊಟ್ಟ ಭೂಮಿಯ ಹಕ್ಕುಪತ್ರದ ಪ್ರಶ್ನೆ ಅರವತ್ತು ವರ್ಷ ದಾಟಿದರೂ ಪೂರ್ತಿ ಬಗೆಹರಿದಿಲ್ಲ. ‘ಮುಳುಗಡೆ ಸಂತ್ರಸ್ತರು’ ಎಂಬ ಮಾತು ನಮ್ಮ ಜಿಲ್ಲೆಯ ಪತ್ರಿಕೆಗಳಲ್ಲಿ ಇವತ್ತಿಗೂ ಬರುತ್ತಿರುತ್ತದೆ.

ನೀರು ಇಳಿದಾಗ ಕಾಣುವ ಕಲ್ಲಿನ ಪಾಯ, ಮೆಟ್ಟಿಲು, ಕಂಬದ ತುಂಡು ಇವರ ಊರುಗಳದ್ದಾಗಿರುತ್ತದೆ. ಅಲ್ಲಿ ಹುಟ್ಟಿ ಬೆಳೆದವರು ಇನ್ನೂ ನಮ್ಮ ನಡುವೆ ಇದ್ದಾರೆ. ನಮ್ಮ ಮನೆ ಬಾಗಿಲು ಯಾವ ದಿಕ್ಕಿಗಿತ್ತು, ಬಾವಿ ಎಲ್ಲಿತ್ತು ಎಂದು ಅವರು ಹೇಳಬಲ್ಲರು. ಅಂಥವರ ಮನೆಯ ಕಂಬವನ್ನು ‘5,000 ವರ್ಷ ಹಳೆಯ ನಿಗೂಢ ಕೆರೆ ಮನೆ’ ಎಂದು ಹಂಚಿದರೆ, ಒಂದು ತಲೆಮಾರು ಕಳೆದುಕೊಂಡದ್ದನ್ನು ಕಣ್ಣೆದುರೇ ಅಳಿಸಿದಂತೆ. ಅದು ಎಲ್ಲೋ ದೂರದ, ಯಾರಿಗೂ ಸಂಬಂಧವಿಲ್ಲದ ವಿಚಿತ್ರವಾಗಿಬಿಡುತ್ತದೆ. ಯಾರಿಗೆ ಏನು ಸಲ್ಲಬೇಕಿತ್ತು ಎಂಬ ಪ್ರಶ್ನೆಯೂ ಅದರೊಡನೆ ಮುಳುಗುತ್ತದೆ.

ಇನ್ನೊಂದು ಅಪಾಯ ನಿಧಿಗಳ್ಳರದ್ದು. ‘ಪುರಾತನ’ ಎಂಬ ಪದ ಕಂಡೊಡನೆ ಹಾರೆ ಗುದ್ದಲಿ ಹಿಡಿದು ಹೊರಡುವವರು ಇದ್ದಾರೆ. ಹಾಳು ಗುಡಿ, ವೀರಗಲ್ಲು, ಬೂದಿ ದಿಬ್ಬಗಳು ಅವರಿಂದ ಹಾಳಾಗಿವೆ. ಸುಳ್ಳು ಫಾರ್ವರ್ಡ್‌ನಿಂದ ನಿಜವಾದ ನೆಲೆಗೂ ಪೆಟ್ಟು ಬೀಳುತ್ತದೆ.

ಇಂಥ ಚಿತ್ರ ಬಂದರೆ ಹೀಗೆ ನೋಡಿ

1. ನೀರಿನ ವಯಸ್ಸು ಕೇಳಿ. ಅದು ಅಣೆಕಟ್ಟಿನ ಹಿನ್ನೀರೇ? ಅಣೆಕಟ್ಟು ಆದದ್ದು ಯಾವಾಗ? ಮನೆ ನಿಜವಾಗಿಯೂ ನೀರಿನ ಮೇಲೆ ಕಟ್ಟಿದ್ದಾದರೆ ನೀರಿಗಿಂತ ಹಳೆಯದಾಗಿರಲು ಸಾಧ್ಯವಿಲ್ಲ.

2. ಕಂಬವನ್ನು ದೊಡ್ಡದು ಮಾಡಿ ನೋಡಿ. ಮೊಳೆ, ಬೋಲ್ಟು, ಗರಗಸದಿಂದ ಕೊಯ್ದ ನುಣುಪು ಮುಖ ಕಂಡರೆ ಅದು ಕಬ್ಬಿಣದ ಉಪಕರಣ ಬಂದ ನಂತರದ್ದು. ಕಲ್ಲಿನ ಕೊಡಲಿಯಿಂದ ಕಡಿದ ಮರದ ತುದಿ ಜಗಿದು ಬಿಟ್ಟಂತೆ ಒರಟಾಗಿರುತ್ತದೆ.

3. ಸಾಲು ನೋಡಿ. ಮನೆಯ ಕಂಬಗಳಿಗೆ ಒಂದು ಲೆಕ್ಕ ಇರುತ್ತದೆ. ಅಡ್ಡಾದಿಡ್ಡಿ ನಿಂತ, ಬೇರು ಹರಡಿದ ಬೊಡ್ಡೆಗಳು ಮುಳುಗಿದ ಕಾಡು.

4. ಚಿತ್ರದ ಮೂಲ ಹುಡುಕಿ. ಗೂಗಲ್ ಲೆನ್ಸ್‌ಗೆ ಹಾಕಿದರೆ ಜರ್ಮನಿಯ ಮ್ಯೂಸಿಯಂ ಒಂದು ನಿಮಿಷದಲ್ಲಿ ಸಿಗುತ್ತದೆ.

5. ‘5,000 ವರ್ಷ’ ಎಂದರೆ ಹೇಗೆ ಅಳೆದರು ಎಂದು ಕೇಳಿ. ಮರದ ವಯಸ್ಸನ್ನು ಕಣ್ಣಳತೆಯಲ್ಲಿ ಹೇಳಲಾಗದು. ಉಂಗುರ ಎಣಿಸಬೇಕು, ಇಲ್ಲವೇ ಇಂಗಾಲ-14 ಪರೀಕ್ಷೆ ಆಗಬೇಕು. ಸತ್ತ ಮರದಲ್ಲಿರುವ ಇಂಗಾಲ-14 ಸುಮಾರು 5,730 ವರ್ಷಕ್ಕೆ ಅರ್ಧದಷ್ಟಾಗುತ್ತದೆ, ಆ ಲೆಕ್ಕದಿಂದ ವಯಸ್ಸು ತಿಳಿಯುತ್ತದೆ. ಯಾವ ಪ್ರಯೋಗಾಲಯ ಎಂಬ ಹೆಸರೇ ಇಲ್ಲದಿದ್ದರೆ ಆ ಸಂಖ್ಯೆಗೆ ಬೆಲೆಯಿಲ್ಲ.

6. ನಿಜವಾಗಿಯೂ ಹಳೆಯದೇನಾದರೂ ಕಂಡರೆ ಕೀಳಬೇಡಿ, ತೊಳೆಯಬೇಡಿ, ಮನೆಗೆ ಒಯ್ಯಬೇಡಿ. ಜಾಗದ ಸಮೇತ ಫೋಟೋ ತೆಗೆದು ರಾಜ್ಯ ಪುರಾತತ್ವ ಇಲಾಖೆಗೆ ತಿಳಿಸಿ. ಶಿವಮೊಗ್ಗದವರಾದರೆ ಶಿವಪ್ಪನಾಯಕನ ಅರಮನೆಯಲ್ಲಿರುವ ಸರ್ಕಾರಿ ವಸ್ತುಸಂಗ್ರಹಾಲಯದಲ್ಲಿ ವಿಚಾರಿಸಬಹುದು. ವಸ್ತುವಿನಷ್ಟೇ ಅದು ಸಿಕ್ಕ ಜಾಗವೂ ಮುಖ್ಯ. ಜಾಗ ತಪ್ಪಿದರೆ ಅದು ಬರೀ ಕಲ್ಲು, ಬರೀ ಕಟ್ಟಿಗೆ.

ಕೊನೆಯದಾಗಿ

ಕೆಲ್ಲರ್ ಅವರ ಕಲ್ಪನೆ ಸರಿಹೋಗಲು ನೂರು ವರ್ಷಕ್ಕೂ ಹೆಚ್ಚು ಹಿಡಿಯಿತು. ಸರಿಪಡಿಸಿದ್ದು ಇನ್ನೊಂದು ಚೆಂದದ ಚಿತ್ರವಲ್ಲ. ಒಲೆಯ ಬೂದಿ, ನೆಲದ ಮಣ್ಣು, ಮರದ ಉಂಗುರ, ಇವನ್ನು ತಾಳ್ಮೆಯಿಂದ ನೋಡಿದವರು ಸರಿಪಡಿಸಿದರು.

ಮುಂದಿನ ಬೇಸಿಗೆಯಲ್ಲಿ ಹಿನ್ನೀರು ಇಳಿದು ಕಂಬವೊಂದು ಕಂಡಾಗ, ಫಾರ್ವರ್ಡ್ ಒತ್ತುವ ಮುಂಚೆ ಮನೆಯ ಹಿರಿಯರಿಗೆ ಒಮ್ಮೆ ತೋರಿಸಿ, ಇದು ಯಾವ ಊರು ಎಂದು ಕೇಳಿ. ಅವರು ಊರಿನ ಹೆಸರು ಹೇಳಿದರೆ ಆ ಹೆಸರನ್ನು ಬರೆದು ಕಳಿಸಿ. ಅಂಥ ಫಾರ್ವರ್ಡ್ ನಮಗೂ ಬರಲಿ.